ವೀರಗಲ್ಲಿನ ಟಿಪ್ಪಣಿಯ ಹಿಂಬದಿ

ಆಜೋಬಾ,

ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ, ಇವತ್ತು ಸಂಗ್ರಹಾಲಯದಲ್ಲಿರುವ ನಿಮ್ಮ ಸಂಶೋಧನೆಯ ಪೆಟ್ಟಿಗೆ ತೆರೆಸಿದೆ. ಬಿ.ಎ. ಮೊದಲ ವರ್ಷದ ಪ್ರಾಜೆಕ್ಟಿಗೆ ಯಾವುದಾದರೂ ಊರಿನ ಇತಿಹಾಸ ಬೇಕಿತ್ತು, ಅಷ್ಟೇ.

ಸಾತಾರದ ಸಂಗ್ರಹಾಲಯದ ಸುರ್ವೆ ಕಾಕಾ ನಕ್ಕರು. "ನಿಮ್ಮಜ್ಜಾರು ಭಾಳ ಜಿಪುಣರು ನೋಡವಾ! ಲಗ್ನಪತ್ರಿಕೆ, ಲೈಟ್ ಬಿಲ್ಲು, ಏನ್ ಸಿಕ್ಕರೂ ಅದರ ಹಿಂದ ಇತಿಹಾಸ ಬರದಿಟ್ಟಾರ."

ಅವರು ಕೊಟ್ಟ ಹಾಳೆಯಲ್ಲಿ ನಮ್ಮ ಶಾಲೆಯ ಹಾಸ್ಟೆಲ್ ಇದ್ದ ಗುಡ್ಡದ ಕೆಳಗಿನ ಹಳ್ಳಿಯ ವೀರಗಲ್ಲಿನ ಟಿಪ್ಪಣಿ ಇತ್ತು. ತಿರುಗಿಸಿದರೆ ನನ್ನದೇ ಪತ್ರ, ಏಳನೇ ಕ್ಲಾಸಿನದು, ಇಂಗ್ಲಿಷಿನಲ್ಲಿ. ಈ ಭಾನುವಾರ ಭೇಟಿಗೆ ಬರಬೇಡಿ, ನಿಮ್ಮ ಧೋತರ, ಟೋಪಿ ನೋಡಿ ಗೆಳತಿಯರು ನಗುತ್ತಾರೆ ಎಂದು ಬರೆದಿದ್ದೆ.

ಟಿಪ್ಪಣಿಯ ತಾರೀಖು ಅದೇ ಭಾನುವಾರದ್ದು.

ಕಲ್ಲಿನ ಎತ್ತರ, ಅಗಲ, ಸವೆದ ಅಕ್ಷರ ಎಲ್ಲವನ್ನೂ ಬರೆದಿದ್ದೀರಿ. ಕೊನೆಗೆ, "ನಾಲ್ಕು ಗಂಟೆವರೆಗೆ ಇಲ್ಲೇ ಕುಳಿತೆ. ಮೇಲೆ ಶಾಲೆಯಲ್ಲಿ ಮಕ್ಕಳ ಸದ್ದು ಕೇಳುತ್ತಿತ್ತು. ಲಾಡು ಹಳ್ಳಿಯ ಹುಡುಗಿಯರಿಗೆ ಹಂಚಿದೆ."

ಆ ಓದುವ ಕೋಣೆಯಲ್ಲಿ ನನಗೂ ಆ ಸದ್ದು ಕೇಳತೊಡಗಿತು. ಅದರಲ್ಲಿ ನನ್ನ ನಗುವೂ ಇತ್ತು.

"ಹಿಂಬದಿ ಏನೈತವಾ? ನನಗ ಇಂಗ್ಲಿಷ್ ಬರಂಗಿಲ್ಲ. ಪಟ್ಟಿಯೊಳಗ ಬರೀಬೇಕು," ಎಂದರು ಕಾಕಾ.

"ಏನಿಲ್ಲ ಕಾಕಾ, ರದ್ದಿ ಕಾಗದ," ಎಂದೆ.

ಅವರು ಹಾಗೆಯೇ ಬರೆದುಕೊಂಡರು.

ಮೃಣ್ಮಯಿ