ಹದಿನೇಳು ತೂತಿನ ಮಂಜಿ

ಉಪ್ಪುವರ್ಷ ನೂರ ನಲವತ್ತೆರಡು,
ಕಡಲು ಮುಚ್ಚಲು ಹನ್ನೊಂದು ದಿನ ಬಾಕಿ,
ಗಂಗೊಳ್ಳಿ ಅಳಿವೆಯ ದಡದಿಂದ.

ದಿನಕರ ಆಚಾರಿಯವರಿಗೆ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಿಕ್ಕಿಲ್ಲ. ಕಡಲ ನೀರು ನಮ್ಮೂರಿನ ಕುಡಿಯುವ ಬಾವಿಗೆ ಮೊದಲ ಸಲ ನುಗ್ಗಿದ ವರ್ಷವನ್ನು ನಾವು ಒಂದು ಎಂದು ಎಣಿಸುತ್ತೇವೆ. ನೀವು ಅದಕ್ಕೂ ಹಿಂದಿನವರು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಹಿರಿಯರ ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಕಾಗದವಾದರೆ ನೀವು ನನ್ನ ಮುಖ ನೋಡುವುದಿಲ್ಲವಲ್ಲ, ಅದೊಂದು ಧೈರ್ಯ. ನನ್ನ ಹೆಸರು ಭಾಗಿ.

ನಿಮ್ಮ ಹೆಸರು ನನಗೆ ಸಿಕ್ಕಿದ್ದು ಒಂದು ಹಳೆಯ ಮಂಜಿಯಲ್ಲಿ. ಹಾಯಿ ಕಟ್ಟಿ ಸರಕು ಸಾಗಿಸುತ್ತಿದ್ದ ಮರದ ಹಡಗಿಗೆ ನಿಮ್ಮ ಕಾಲದಲ್ಲೂ ಮಂಜಿ ಎಂದೇ ಹೇಳುತ್ತಿದ್ದರಂತೆ. ಹಾಯಿ ಏರಿಸುವ ಕೂವೆಮರವನ್ನು ನಿಲ್ಲಿಸುವ ಕುಳಿಯನ್ನು ಕೆರೆದು ತೊಳೆಯುವಾಗ ಅಡಿಯಲ್ಲಿ ಉಳಿಯಿಂದ ಕೊರೆದ ಅಕ್ಷರ ಕಂಡಿತು: ‘ದಿನಕರ ಆಚಾರಿ, ೨೦೨೪, ತೂತು ೧೭.’ ಹೆದ್ದಾರಿ ಬದಿಯ ಹೋಟೆಲಿನ ಹುಲ್ಲಿನ ಮೇಲೆ ಇದನ್ನು ಚಂದಕ್ಕೆ ಇಟ್ಟಿದ್ದರು, ಒಳಗೆ ಮಣ್ಣು ತುಂಬಿ ಹೂವಿನ ಗಿಡ ನೆಟ್ಟಿದ್ದರು ಎಂದು ನಮ್ಮ ಶೀನಜ್ಜ ತಮ್ಮ ಅಜ್ಜನಿಂದ ಕೇಳಿದ್ದಾರೆ. ಮಳೆನೀರು ನಿಂತು ಗಿಡ ಕೊಳೆಯಬಾರದೆಂದು ನಿಮ್ಮಿಂದ ಅಡಿಹಲಗೆಗೆ ತೂತು ಹೊಡೆಸಿರಬೇಕು. ಮಾಡಿದ ಕೆಲಸವನ್ನು ಎಣಿಸಿ ಬರೆದಿಟ್ಟಿದ್ದೀರಿ. ನಿಮಗೂ ಅದು ಸರಿ ಕಂಡಿರಲಿಲ್ಲ ಎಂದು ನನಗೆ ಅನಿಸುತ್ತದೆ.

ನಮ್ಮಲ್ಲಿ ಈಗ ಎಂಜಿನ್ನಿಗೆ ಎಣ್ಣೆ ಇಲ್ಲ. ನಿಮ್ಮ ಕಾಲದ ಗುಡ್ಡಗಳಲ್ಲಿ ಕೆಲವು ಈಗ ನೀರಿನ ನಡುವೆ ಉಳಿದಿವೆ, ಅಲ್ಲೆಲ್ಲ ಜನರಿದ್ದಾರೆ. ಅಳಿವೆಯ ಸೆಳೆತದಲ್ಲಿ ಸಣ್ಣ ದೋಣಿ ನಿಲ್ಲುವುದಿಲ್ಲ. ಅದಕ್ಕೇ ಶೀನಜ್ಜನೂ ನಾನೂ ಎರಡು ವರ್ಷದಿಂದ ಈ ಮಂಜಿಯನ್ನು ರಿಪೇರಿ ಮಾಡುತ್ತಿದ್ದೇವೆ. ಅವರು ಮೇಸ್ತ್ರಿ, ನಾನು ಅವರ ಕೈಕೆಳಗೆ. ನಿಮ್ಮ ಹದಿನೇಳು ತೂತಿಗೂ ಹಲಸಿನ ಮರದ ಬೆಣೆ ಹೊಡೆದವಳು ನಾನೇ. ಸಾಂದಿಗೆ, ಎಂದರೆ ಹಲಗೆ ಹಲಗೆಯ ನಡುವಿನ ಬಿರುಕಿಗೆ, ಹತ್ತಿ ತುಂಬಿದವಳೂ ನಾನೇ.

ಅಲ್ಲಿ ತಪ್ಪು ಮಾಡಿದೆ. ಅಷ್ಟು ವರ್ಷ ಬಿಸಿಲಲ್ಲಿ ಒಣಗಿದ ಮರ ನೀರಿಗೆ ಬಿದ್ದರೆ ಉಬ್ಬುತ್ತದೆ, ಅದಕ್ಕೆ ಜಾಗ ಬಿಡಬೇಕು. ಅಜ್ಜ ಹೇಳಿದ್ದರು. ಆದರೆ ನನ್ನ ಕೆಲಸ ಗಟ್ಟಿ ಎಂದು ತೋರಿಸುವ ಆಸೆಗೆ ಕೊಡತಿಯಿಂದ ಹೊಡೆದು ಹೊಡೆದು ತುಂಬಿದೆ. ನೀರಿಗೆ ಇಳಿಸಿದ ಮೂರನೇ ದಿನ ಎಡಬದಿಯ ಒಂದು ಹಲಗೆ ಮೊಳೆ ಕಿತ್ತುಕೊಂಡು ಹೊರಗೆ ಬಂತು. ಅಜ್ಜ ಅದನ್ನು ಕೈಯಿಂದ ಸವರಿ, “ಹತ್ತಿ ತುಂಬುದಂದ್ರೆ ಸೇಡ್ ತೀರ್ಸುದಲ್ಲ ಹೆಣೆ” ಎಂದರು. ಎಲ್ಲ ಹತ್ತಿ ಕಿತ್ತು, ಹಲಗೆ ಕೂರಿಸಿ, ಮತ್ತೆ ಮೆತ್ತಗೆ ತುಂಬಲು ಹದಿನೈದು ದಿನ ಹೋಯಿತು.

ಆ ಹದಿನೈದು ದಿನ ಕಳೆಯುವಷ್ಟು ಸಮಯ ನಮಗಿರಲಿಲ್ಲ. ನನ್ನ ಅಕ್ಕ ರುಕ್ಕುವನ್ನು ಅಳಿವೆಯಾಚೆಯ ಹೊರಗುಡ್ಡಕ್ಕೆ ಮದುವೆ ಮಾಡಿ ಕೊಟ್ಟಿದೆ. ಈಗ ಅವಳಿಗೆ ಒಂಬತ್ತು ತಿಂಗಳು. ಅಲ್ಲಿ ಸೂಲಗಿತ್ತಿ ಇಲ್ಲ. ಇರುವುದು ಇಲ್ಲಿ, ನಮ್ಮ ಅಮ್ಮ. ಗುಡ್ಡದವರೊಂದಿಗೆ ನಮ್ಮದು ಬಟ್ಟೆಮಾತು. ಉದ್ದ ಕೋಲಿಗೆ ಬಿಳಿ ಬಟ್ಟೆ ಕಟ್ಟಿದರೆ ಸುಖ, ಕೆಂಪು ಕಟ್ಟಿದರೆ ಬೇಗ ಬನ್ನಿ ಎಂದರ್ಥ. ಒಂಬತ್ತು ದಿನದಿಂದ ಕೆಂಪು ಬಟ್ಟೆ ಹಾರುತ್ತಿದೆ. ನಾವು ಇಲ್ಲಿಂದ ಹಸಿರು ಕಟ್ಟಿದ್ದೇವೆ. ಕಂಡಿದೆ, ತಾಳಿ ಎಂದು. ಅದಕ್ಕಿಂತ ಹೆಚ್ಚು ಹೇಳಲು ನಮ್ಮ ಬಟ್ಟೆಗಳಿಗೆ ಬರುವುದಿಲ್ಲ. ಇನ್ನು ಹನ್ನೊಂದು ದಿನಕ್ಕೆ ಮಳೆಗಾಲದ ಕಡಲು ಮುಚ್ಚುತ್ತದೆ, ಆಮೇಲೆ ಮೂರು ತಿಂಗಳು ಮಂಜಿಯೂ ದಾಟಲಾರದು.

ಈಗ ನಾವು ಕೆಲಸ ನಿಲ್ಲಿಸಿದ್ದೇವೆ. ಇದಕ್ಕೆ ನೀರೂಟ ಎನ್ನುತ್ತೇವೆ. ಮಂಜಿಗೆ ಕಲ್ಲು ಹೇರಿ ಹೊಳೆಯ ಅಂಚಿನಲ್ಲಿ ಮುಳುಗಿಸಿ ಎಂಟು ದಿನ ಬಿಡಬೇಕು. ಮರ ನೀರು ಕುಡಿದು ಉಬ್ಬಿ ಸಾಂದಿಗಳನ್ನು ತಾನೇ ಮುಚ್ಚಿಕೊಳ್ಳಬೇಕು. ಅಷ್ಟು ದಿನ ಉಳಿ, ಕೊಡತಿ, ಬಾಚಿಗಳನ್ನೆಲ್ಲ ಚಾಪೆಯ ಮೇಲೆ ಮಲಗಿಸಿ ಬಟ್ಟೆ ಹೊದಿಸುತ್ತೇವೆ. ಕೆಲಸ ಮಾಡಿದವರು ಮರಕ್ಕೆ ಕೈ ಹಚ್ಚಬಾರದು. ಎರಡು ವರ್ಷದಲ್ಲಿ ಇಷ್ಟು ದೊಡ್ಡ ಬಿಡುವು ನನಗೆ ಸಿಕ್ಕಿದ್ದಿಲ್ಲ. ಇದಕ್ಕಿಂತ ಕಷ್ಟದ ಕೆಲಸವನ್ನೂ ನಾನು ಮಾಡಿದ್ದಿಲ್ಲ. ಅಮ್ಮ ಎಣ್ಣೆಬಾಟಲಿ, ದಾರ, ಹಳೆಬಟ್ಟೆ ಎಲ್ಲ ಚೀಲಕ್ಕೆ ತುಂಬಿ ದಡದಲ್ಲೇ ಕೂತಿದ್ದಾಳೆ. ನಿನ್ನೆ, “ಹೆರಿಗೆ ನಿಮ್ಮ ಮಂಜಿಗ್ ಕಾಯ್ತಿಲ್ಲ ಶೀನಜ್ಜ” ಎಂದಳು. ಅಜ್ಜ, “ಮರವೂ ಬಸ್ರಿ ಇದ್ದಂಗೇ ಮಾರಾಯ್ತಿ, ಅವಸ್ರ ಮಾಡ್ರೆ ಎರ್ಡೂ ಇಲ್ಲ” ಎಂದರು. “ನೀವ್ ಎಷ್ಟ್ ಹೆತ್ತಿದ್ರಿ?” ಎಂದು ಅಮ್ಮ ಕೇಳಿದಳು. ಅಜ್ಜ ಎಲೆಯಡಿಕೆಯ ಚೀಲ ಹುಡುಕತೊಡಗಿದರು. ನನಗೆ ನಗು ಬಂತು. ಆಮೇಲೆ ಕೆಂಪು ಬಟ್ಟೆ ಕಣ್ಣಿಗೆ ಬಿತ್ತು.

ಇವತ್ತು ನೀರೂಟದ ಐದನೇ ದಿನ. ಇಳಿತದ ಹೊತ್ತಿಗೆ ಮಂಜಿಯಲ್ಲಿ ನೀರು ಸೊಂಟದವರೆಗೆ ಇಳಿಯುತ್ತದೆ. ಕೈ ಹಚ್ಚಬಾರದೆಂದು ನಿಯಮ, ಕಾಲಿನ ಬಗ್ಗೆ ಯಾರೂ ಏನೂ ಹೇಳಿಲ್ಲ. ಒಳಗೆ ಇಳಿದು ಕಾಲಿನ ಹೆಬ್ಬೆರಳಿನಿಂದ ಬೆಣೆಗಳನ್ನು ಮುಟ್ಟಿ ನೋಡುತ್ತೇನೆ. ಸಾಂದಿಗಳು ಹೆಚ್ಚುಕಡಿಮೆ ಕೂಡಿಕೊಂಡಿವೆ. ಬೆಣೆಗಳ ಸುತ್ತ ಮಾತ್ರ ಮರ ಇನ್ನೂ ಕುಡಿದಿಲ್ಲ. ಅಲ್ಲಲ್ಲೇ ಹೊರಗಿನ ತಣ್ಣನೆ ನೀರು ಬೆರಳಿಗೆ ತಾಗುತ್ತದೆ. ಮೂರು ದಿನದಲ್ಲಿ ಕುಡಿಯುತ್ತದೋ ಇಲ್ಲವೋ ಅಜ್ಜನಿಗೂ ಗೊತ್ತಿಲ್ಲ. ಅವರು ಗೊತ್ತಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಆಚಾರಿಯವರೇ, ನನ್ನ ಹತ್ತಿಯ ತಪ್ಪನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಒಂದು ಬೇಡಿಕೆ ಮಾತ್ರ. ಹೋಟೆಲಿನವರು ತೂತು ಹೊಡೆಯಲು ಕರೆದಾಗ ಹೂವಿನ ಗಿಡವನ್ನು ಬೇರೆಲ್ಲಾದರೂ ಇಡಲು ಹೇಳಿ. ಅವರು ಕೇಳದಿದ್ದರೆ, ನಿಮ್ಮ ಸಂಸಾರವೂ ನಡೆಯಬೇಕಲ್ಲ, ಒಂದೋ ಎರಡೋ ಕಡಿಮೆ ಹೊಡೆಯಿರಿ. ಯಾರೂ ಬಗ್ಗಿ ನೋಡುವುದಿಲ್ಲ.

ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ತಿಳಿಯಲು ನಾಲ್ಕನೇ ಕ್ಲಾಸು ಸಾಕು. ಆದರೂ ಇದನ್ನು ಬಿದಿರಿನ ಓಟೆಗೆ ತುಂಬಿ, ಬಾಯಿಗೆ ಮೇಣ ಮೆತ್ತಿ, ನೀವು ಹೆಸರು ಕೊರೆದ ಕುಳಿಯಲ್ಲೇ ಕಾಲಿನಿಂದ ಒತ್ತಿ ಇಡುತ್ತೇನೆ. ನಾಳೆ ಇಳಿತಕ್ಕೆ ಬೆಣೆಗಳನ್ನು ಮತ್ತೆ ಎಣಿಸುತ್ತೇನೆ. ಹದಿನಾರು ಸಿಕ್ಕಿದರೆ ನಿಮಗೆ ತಲುಪಿತು ಎಂದು ತಿಳಿಯುತ್ತೇನೆ.

ಇವತ್ತು ಎರಡು ಸಲ ಎಣಿಸಿದೆ. ಹದಿನೇಳೇ ಇದ್ದವು.

ನಿಮ್ಮ ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಭಾಗಿ