ಕೂತ ಹಕ್ಕಿಯ ಪಟ

ಲೋಮಾ ಆಲ್ತಾ,
ಆಗಸ್ಟ್ ೧೧

ಎಫ್ರೇನ್,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಅಣ್ಣನ ಕೈಗೆ ಕೊಟ್ಟು ‘ಇಲ್ಲ ಅನ್ನು’ ಎನ್ನುತ್ತೀಯ, ಅದು ನನಗೂ ಕೇಳಿಸುತ್ತದೆ. ಹಾಗಾಗಿ ಸಾಂತೊ ದೊಮಿಂಗೊಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅಣ್ಣನ ಟೈರು ಅಂಗಡಿಯಲ್ಲಿ ಕೆಲಸ ಹೇಗಿದೆ ಎಂದು ಮೊದಲು ಕೇಳಬೇಕು. ಕೇಳಿದೆ ಎಂದುಕೋ.

ಮುಂದಿನ ತಿಂಗಳು ನಮ್ಮ ದಾಯನಾಗೆ ಹದಿನೈದು ತುಂಬುತ್ತದೆ. ಚರ್ಚಿನಲ್ಲಿ ಪೂಜೆ, ಆಮೇಲೆ ಶಾಲೆಯ ಅಂಗಳದಲ್ಲಿ ಊಟ. ಇಡೀ ಹಂದಿ ಸುಡುವುದಕ್ಕೆ ಬೇಕರಿಯವರ ಒಲೆ ಗೊತ್ತುಮಾಡಿದ್ದೇನೆ. ನೀಲಿ ಉಡುಪು ಹೊಲಿದಾಗಿದೆ. ಉಳಿದಿರುವುದು ಒಂದೇ ಮಾತು. ಎಲ್ಲರೆದುರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ಕಳಚಿ, ಮೊದಲ ಹೈ ಹೀಲ್ಸ್ ತೊಡಿಸಿ, ಕೈಹಿಡಿದು ಕುಣಿಯುವವರು ಯಾರು? ಅಪ್ಪ ಗಟ್ಟಿಮುಟ್ಟಾಗಿರುವಾಗ ಆ ಕೆಲಸವನ್ನು ಬೇರೆಯವರು ಮಾಡಿದ್ದನ್ನು ನಮ್ಮ ಬೆಟ್ಟದಲ್ಲಿ ನಾನಂತೂ ಕಂಡಿಲ್ಲ.

ನನ್ನ ತಮ್ಮ ರಮೀರೊ ‘ಭಾವ ಬರ್ದಿದ್ರೆ ನಾನಿಲ್ವಾ?’ ಎಂದು ಅಡುಗೆಮನೆಯಲ್ಲಿ ಪೊರಕೆ ಹಿಡಿದು ಕುಣಿತ ಕಲಿಯುತ್ತಿದ್ದಾನೆ. ದಾಯನಾ ನೋಡಿ, ‘ಮಾಮ, ಪೊರಕೆ ಕಾಲು ತುಳೀತಿದ್ದೀಯ, ಪಾಪ, ಬಿಡು ಅದನ್ನ’ ಎಂದಳು. ಆಮೇಲೆ ‘ಅಪ್ಪ ಅಲ್ಲಿ ಊಟ ಎಲ್ಲಿ ಮಾಡ್ತಾನಮ್ಮ?’ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ತೋಟದಲ್ಲಿ ಝೇಂಕಾರದ ಹಕ್ಕಿಗಳಿಗೆ, ಪ್ರವಾಸಿಗರ ಹಮ್ಮಿಂಗ್‌ಬರ್ಡ್‌ಗಳಿಗೆ, ಕೊರತೆಯಿಲ್ಲ. ಕ್ಯಾಮೆರಾದವರು ಬಂದರೆ ಈಗ ನಾನೇ ಸಕ್ಕರೆ ನೀರಿನ ಬಾಟಲಿಗಳನ್ನೆಲ್ಲ ಇಳಿಸಿ, ಒಂದೇ ಒಂದು ಹೂವಿಗೆ ಸಿರಿಂಜಿನಲ್ಲಿ ಸಕ್ಕರೆ ನೀರು ತುಂಬಿ, ಸುತ್ತಲೂ ಫ್ಲ್ಯಾಶ್ ನಿಲ್ಲಿಸಿಕೊಡುತ್ತೇನೆ. ಅವರ ಪಟದಲ್ಲಿ ರೆಕ್ಕೆ ಹೊಗೆಯಂತೆ ಬರುತ್ತದೆ. ಹಾರುವ ಹಕ್ಕಿಯನ್ನು ಒಂದೊಂದು ಗರಿ ಕಾಣುವ ಹಾಗೆ ಹಿಡಿಯುವುದು ನಿನಗೇ ಸೈ. ಇಷ್ಟು ಸಿಟ್ಟಿನಲ್ಲೂ ಅದನ್ನು ಹೇಳುತ್ತೇನೆ. ಹಾರುವ ಹಕ್ಕಿಯ ಪಟದಲ್ಲೇ ನೀನು ನಿಂತಿದ್ದರೆ ಸಾಕಾಗಿತ್ತು.

ಪಟಕ್ಕೆಂದು ಬಂದಿದ್ದ ಆ ಪರದೇಶದವನಿಗೆ ಕೂತ ಹಕ್ಕಿ ಬೇಕಾಗಿತ್ತು. ಅದೂ ನಾವು ‘ಬಿಳಿ ಬೂಟಿನವನು’ ಎನ್ನುವ ಜಾತಿಯದೇ ಆಗಬೇಕು, ಕಾಲಿನ ಬಿಳಿ ತುಪ್ಪಳವೆಲ್ಲ ಕಾಣಬೇಕು. ಅದೇನು ಹೇಳಿದಲ್ಲಿ ಕೂರುವ ಹಕ್ಕಿಯೇ? ಕಾಯಬೇಕು. ಅವನಿಗೆ ಮಾರನೆಯ ದಿನ ವಿಮಾನ. ನೀನು ಬಲೆಯಲ್ಲಿ ಹಿಡಿದು, ಬಟ್ಟೆಯ ಚೀಲಕ್ಕೆ ಹಾಕಿ, ನನ್ನ ಫ್ರಿಜ್ಜಿನಲ್ಲಿ ಚೀಸಿನ ಪಕ್ಕ ಇಟ್ಟೆ. ಚಳಿಗೆ ಮರಗಟ್ಟಿದ ಹಕ್ಕಿ ಗರಿ ಉಬ್ಬಿಸಿಕೊಂಡು, ನೀನು ಇಟ್ಟ ಕೊಂಬೆಯ ಮೇಲೆ ಇಟ್ಟ ಹಾಗೇ ಕೂತಿತು. ಪಟ ತೆಗೆದಿರಿ.

‘ಯಾಕಪ್ಪಾ ಅಲ್ಲಾಡ್ತಿಲ್ಲ?’ ಎಂದು ದಾಯನಾ ಕೇಳಿದಳು. ‘ನಿದ್ದೆ ಕಣೇ. ಬಿಸಿಲು ತಾಗಿದ್ರೆ ಎದ್ದು ಹಾರುತ್ತೆ’ ಎಂದು ನೀನು ಹೇಳಿದೆ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು, ಬಾಯಿಯಿಂದ ಬಿಸಿ ಊದುತ್ತ ಬಿಸಿಲಲ್ಲೇ ಕೂತಳು. ಊಟಕ್ಕೆಂದು ನಾನು ಅವಳನ್ನು ಎಬ್ಬಿಸಿ, ಹಕ್ಕಿಯನ್ನು ನಿನ್ನ ಕೈಗೆ ಕೊಡಿಸಿ ಕರೆದೊಯ್ದು ವಾಪಸು ಕಳಿಸಿದರೆ, ‘ಹಾರಿಹೋಯ್ತು, ನೀನು ನೋಡ್ಬೇಕಿತ್ತು’ ಎಂದು ನೀನು ಕೈ ಎತ್ತಿ ಆಕಾಶ ತೋರಿಸಿದೆ. ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅದು ಅವಳಿಗೇ ಸಿಕ್ಕಿತು, ಇರುವೆ ಮುತ್ತಿತ್ತು. ಹಕ್ಕಿ ಸತ್ತದ್ದಕ್ಕೆ ಅವಳು ಅತ್ತಳು. ಹಾರಿಹೋಯಿತು ಎಂದದ್ದಕ್ಕೆ ನಿನ್ನ ಜೊತೆ ಮಾತು ಬಿಟ್ಟಳು. ‘ಹೆಬ್ಬೆರಳಷ್ಟು ಹಕ್ಕಿಗೆ ಅಪ್ಪನನ್ನೇ ಬಿಡ್ತೀಯಾ?’ ಎಂದು ಕೂಗಾಡಿ ನೀನು ಮನೆಯನ್ನೇ ಬಿಟ್ಟೆ.

ಆ ಪಟ ಈಗಲೂ ಕ್ಯಾಮೆರಾದವರು ಇಳಿದುಕೊಳ್ಳುವ ಅತಿಥಿಗೃಹದ ಊಟದ ಕೋಣೆಯಲ್ಲಿದೆ, ಕೆಳಗೆ ನಿನ್ನ ಹೆಸರು. ಬಂದವರೆಲ್ಲ ‘ಎಷ್ಟು ನೆಮ್ಮದಿಯಾಗಿ ಕೂತಿದೆ ನೋಡಿ’ ಎನ್ನುತ್ತಾರೆ. ಭಾನುವಾರ ಅಲ್ಲಿ ತಟ್ಟೆ ಎತ್ತಲು ಹೋಗುವ ನಿನ್ನ ಮಗಳು ಗೋಡೆಗೆ ಬೆನ್ನು ಹಾಕಿಕೊಂಡೇ ಓಡಾಡುತ್ತಾಳೆ. ಮೊನ್ನೆ ಅವಳು ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಆ ಪಟ ಅಪ್ಪ ತಾನೇ ಇಳಿಸ್ಲಿ. ಹೆಂಗೆ ತೆಗೆದಿದ್ದು ಅಂತ ಅವರಿಗೆಲ್ಲ ಹೇಳ್ಲಿ. ಆಮೇಲೆ ಶೂ ಅವನೇ ತೊಡಿಸ್ಲಿ, ನಾನು ಬೇಡ ಅನ್ನಲ್ಲ.’ ಇದಕ್ಕಿಂತ ಸಲೀಸಾಗಿ ಯಾವ ಮಗಳು ಕ್ಷಮಿಸಿಯಾಳು? ನಾನಾಗಿದ್ದರೆ ಕ್ಷಮಿಸುತ್ತಿರಲಿಲ್ಲ.

ನನ್ನ ವಿಷಯ ಕೇಳಬೇಡ, ಚೆನ್ನಾಗಿದ್ದೇನೆ. ಹಾಸಿಗೆಯ ನಿನ್ನ ಮಗ್ಗುಲಲ್ಲಿ ಮಡಿಸಿದ ಬಟ್ಟೆ ಇಡುತ್ತೇನೆ, ಜಾಗ ದಂಡವಾಗಬಾರದಲ್ಲ. ಒಬ್ಬಳೇ ಇರುವುದು ಅಭ್ಯಾಸವಾಗಿದೆ ಎಂದು ಅಕ್ಕಪಕ್ಕದವರಿಗೆ ಹೇಳುತ್ತೇನೆ. ಅವರು ನಂಬುತ್ತಾರೆ.

ಪೂಜೆ ಬೆಳಿಗ್ಗೆ. ಹಿಂದಿನ ದಿನವೇ ಬಂದರೆ ಪಟದ ಕೆಲಸ ಮುಗಿಸಬಹುದು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಮಾರ್ಲೆನೆ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ದಾಯನಾ ನಿನ್ನ ಊಟದ ವಿಷಯ ಕೇಳಿಲ್ಲ. ಪಟ ಇಳಿಸಲಿ ಎಂದೂ ಹೇಳಿಲ್ಲ. ನಿನ್ನ ಹೆಸರನ್ನೇ ಎತ್ತುವುದಿಲ್ಲ. ಶೂ ತೊಡಿಸಲು ರಮೀರೊಗೆ ಅವಳೇ ಹೇಳಿಯಾಗಿದೆ. ಅವೆರಡೂ ನಾನೇ ಅವಳ ಬಾಯಲ್ಲಿ ಆಡಿಸಿದ ಮಾತು. ಹಾರಿಹೋಯಿತು ಎಂದು ನೀನು ಯಾಕೆ ಹೇಳಿದೆ ಎಂಬುದು ಇವತ್ತು ನನಗೆ ತಿಳಿಯಿತು, ಆದರೆ ನಿನಗೆ ನಾನು ಅದನ್ನೇ ಮಾಡಲಾರೆ. ಪಟ ಇಳಿಸಿದರೂ ಅವಳು ಒಪ್ಪುತ್ತಾಳೆ ಎಂಬ ಭರವಸೆ ನನಗಿಲ್ಲ. ಆದರೂ ಬಾ. ಅವಳ ಮುಂದೆ ಮಂಡಿಯೂರು. ಅಷ್ಟು ಜನರೆದುರು ಅವಳು ಕಾಲು ಹಿಂದಕ್ಕೆಳೆದುಕೊಂಡರೆ, ಈ ಸಲ ಎದ್ದು ಹೋಗಬೇಡ.