ಖಳನಾಯಕನಿಲ್ಲದ ನಾಟಕಕ್ಕೆ ಪೇಟಿ

ಸೊರಟೂರ, ಶುಕ್ರವಾರ

ಪೇಟಿ ಮಾಸ್ತರರಾದ ಪೂಜ್ಯ ಹುಲಗಪ್ಪ ಕಾಕಾ ಅವರಿಗೆ, ಶಾಲೆಯ ವಿಜ್ಞಾನ ಶಿಕ್ಷಕಿ ನೀಲಾಳ ಸಾಷ್ಟಾಂಗ ನಮಸ್ಕಾರಗಳು.

ತಾವು ಮಾತು ಬಿಟ್ಟಿರುವುದರಿಂದ ಈ ಪತ್ರ. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರ ಬಗ್ಗೆ ನಾನು ಬರೆದ ನಾಟಕದಲ್ಲಿ ಖಳನಾಯಕನಿಲ್ಲವೆಂದು ತಾವು ಹಾರ್ಮೋನಿಯಂ ಪೇಟಿ ಎತ್ತಿಕೊಂಡು ಮನೆಗೆ ನಡೆದಿರಿ. "ಲೆಕ್ಕಾ ಮಾಡೋ ಮನಷ್ಯಾನ್ನ ನೋಡಾಕ ಯಾರ ಬರ್ತಾರವಾ? ಒಬ್ಬನ್ನರ ಹೊಡಸು!" ಎಂದಿರಿ. ನಾನೂ ಶ್ರದ್ಧೆಯಿಂದ ಹುಡುಕಿದೆ. ಆ ಮಹಾನುಭಾವರು ಢಾಕಾದಲ್ಲಿ ಪಾಠ ಹೇಳುತ್ತ ಬೆಳಕಿನ ಕಣಗಳ ಲೆಕ್ಕ ಬಿಡಿಸಿದರೇ ಹೊರತು, ಯಾರಿಗೂ ಏಟು ಕೊಟ್ಟ ದಾಖಲೆ ಸಿಗಲಿಲ್ಲ.

ಪೇಟಿಯಿಲ್ಲದೆ ನಮ್ಮೂರಲ್ಲಿ ಪರದೆ ಏಳುವುದಿಲ್ಲವೆಂದು ಗೊತ್ತಿದ್ದೂ ನಿನ್ನೆ ತಾಲೀಮು ನಡೆಸಿದೆವು. ಬೋಸರ ಪಾತ್ರದ ಹೊನ್ನೇಶ, ಇಂಗ್ಲೆಂಡಿನ ಪತ್ರಿಕೆ ಅಚ್ಚು ಹಾಕದ ಲೇಖನವನ್ನು ಐನ್‌ಸ್ಟೈನರಿಗೆ ಅಂಚೆಗೆ ಹಾಕಿ, ಸುಮ್ಮನೆ ಕಾಯುತ್ತ ಕುಳಿತ. ಅಲ್ಲಿಗೆ ತಾಲೀಮು ಮುಗಿಸಿದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ತಮ್ಮ ಧರ್ಮಪತ್ನಿ ಕರಿಯವ್ವ ಕಾಕಿ ಏಳಲೊಲ್ಲರು.

"ಅವ್ರು ಹೊಳ್ಳಿ ಬರದ್ರೋ ಇಲ್ಲೋ? ಅದನ್ನ ಹೇಳು, ಆಮ್ಯಾಲೆ ಮನಿಗೆ ಹೋಗ್ತೀನಿ."

ಐನ್‌ಸ್ಟೈನರು ಬರೆದರು, ಲೇಖನವನ್ನು ಅವರೇ ಜರ್ಮನ್ ಭಾಷೆಗೆ ತಂದು ಅಚ್ಚು ಹಾಕಿಸಿದರು ಎಂದೆ. ಕಾಕಿ ದೊಡ್ಡ ಉಸಿರು ಬಿಟ್ಟರು. "ಇಂಥಾದ್ದಕ್ಕ ಬಾರಸಲಿಲ್ಲಂದ್ರ ನಮ್ಮವ್ರ ಪೇಟಿ ಇನ್ಯಾವ್ದಕ್ಕ ಐತಿ?"

ಈ ಪ್ರಶ್ನೆಗೆ ಉತ್ತರವನ್ನು ತಾವು ಮನೆಯಲ್ಲೇ ಕೊಡಬೇಕು. ಐತವಾರ ಸಂಜೆ ಮತ್ತೆ ತಾಲೀಮು. ಕಾಯುವ ದೃಶ್ಯಕ್ಕೆ ಹಾಡು ಬೇಡ, ಒಂದೇ ಸ್ವರವನ್ನು ಮೆಲ್ಲಗೆ ಹಿಡಿದರೆ ಸಾಕು. ಎಷ್ಟು ಹೊತ್ತು ಹಿಡಿಯಬೇಕೆಂದು ತಾವೇ ಹೇಳಿ. ಹೊನ್ನೇಶ ಅಲ್ಲಿಯವರೆಗೂ ಕುಳಿತಿರುತ್ತಾನೆ.

ತಮ್ಮ ದಾರಿ ಕಾಯುವ,
ನೀಲಾ